ಹದಿನಾಲ್ಕು ಮನೆಗಳ ಷರಾ

ಆ ದಿನ ನಾವು ಹುಣಸೆ ತೋಪಿನ ಕೇರಿಗೆ ಬಂದಾಗ ಬಿಸಿಲು ಇಳಿಯುತ್ತಿತ್ತು. ಸರಪಳಿಯ ಹಿಂದಿನ ತುದಿ ನನ್ನ ಕೈಯಲ್ಲಿತ್ತು, ಮುಂದಿನ ತುದಿ ಹನುಮಪ್ಪನ ಕೈಯಲ್ಲಿ. ಇಲಾಖೆ ಕೊಟ್ಟದ್ದು ಒಬ್ಬನೇ ಆಳಾದ್ದರಿಂದ ಇನ್ನೊಂದು ತುದಿಯನ್ನು ಸರ್ವೇಯರನಾದ ನಾನೇ ಹಿಡಿಯುತ್ತಿದ್ದೆ. ಬೆಳಗಿನಿಂದ ಪೇಟೆ ಬೀದಿಯ ಮನೆಗಳನ್ನು ಅಳೆದು, ರಿಜಿಸ್ಟರಿನಲ್ಲಿ ಬರೆದುಕೊಂಡು ಬಂದಿದ್ದೆವು. ಊರಿನಲ್ಲಿ ಇನ್ನು ಉಳಿದದ್ದು ಈ ಕೇರಿಯ ಹದಿನಾಲ್ಕು ಮನೆಗಳು. ಮನಸ್ಸು ಮಾಡಿದ್ದರೆ ಕತ್ತಲಾಗುವುದರೊಳಗೆ ಮುಗಿಯುತ್ತಿತ್ತು.

ಕೇರಿಯ ಮೊದಲನೆಯ ಮನೆ ಹನುಮಪ್ಪನದೇ. ಅವನ ಹೆಂಡತಿ ಕೆಂಚಮ್ಮ ಜಗಲಿಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ನಮ್ಮನ್ನು ಕಂಡು ಒಳಗೆ ಹೋಗಿ ಮೊರದಲ್ಲಿ ಮಂಡಕ್ಕಿ, ಮೇಲೆ ನಾಲ್ಕು ಹುರಿದ ಮೆಣಸಿನಕಾಯಿ ತಂದಿಟ್ಟಳು. ನಾನು ಸರಪಳಿಯನ್ನು ಮಡಿಸಿ ಪಕ್ಕಕ್ಕಿಟ್ಟು ಕೂತೆ.

"ಊರೆಲ್ಲ ಅಳೀತೀರಿ, ನಮ್ಮನಿ ಮುಂದೆ ಬಂದ ಕೂಡ್ಲೆ ಸರಪಳಿ ಮಡಚಿ ಇಡ್ತೀರಲ್ಲ ಸ್ವಾಮಿ. ನಮ್ಮನಿ ಅಳೆದ್ರೆ ಸರಪಳಿ ಸವೀತೈತಾ?" ಎಂದಳು ಕೆಂಚಮ್ಮ.

"ನಮ್ಮನಿಗೆ ಸರಪಳಿ ಯಾಕೆ? ನಿನ್ನ ನಾಲಿಗೆ ಹಾಸಿದ್ರೆ ಸಾಕು, ಆ ಗ್ವಾಡೆಯಿಂದ ಈ ಗ್ವಾಡೆ ಮುಟ್ತೈತೆ" ಎಂದ ಹನುಮಪ್ಪ.

"ನನ್ನ ನಾಲಿಗೆ ಇರಾದಕ್ಕೇ ಈ ಮನಿ ನಿಂತೈತೆ. ಇಲ್ಲಾಂದ್ರೆ ನೀನು ಹೆಂಡ್ತೀನೂ ಯಾರದೋ ಹೊಲದಾಗೆ ಬಾಂದು ಕಲ್ಲು ಅಂತ ನೆಟ್ಟು ಬರೋನು."

ಮೂವರೂ ನಕ್ಕೆವು. ಮಂಡಕ್ಕಿ ಮುಗಿಯಿತು, ಹನುಮಪ್ಪ ಎಲೆ ಅಡಿಕೆ ಹಾಕಿಕೊಂಡ, ಅದೂ ಇದೂ ಮಾತಾಡುತ್ತ ಹೊತ್ತು ಹೋಯಿತು. "ನಾಳೆ ಬೆಳಿಗ್ಗೆ ಮೊದಲು ನಿಮ್ಮ ಮನೆಯದೇ, ಕೆಂಚಮ್ಮ" ಎಂದು ಎದ್ದೆ.

"ನಾಳೆ ಬಾ ಅಂತ ಬಾಗಲ ಮ್ಯಾಲೆ ದೆವ್ವಕ್ಕೆ ಬರೀತಾರೆ. ನೀವು ನಮಗೇ ಹೇಳ್ತೀರಲ್ರೀ!" ಎಂದು ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಪೇಟೆ ಬೀದಿಯಲ್ಲಿ ಇಲಿ ಸತ್ತು ಬಿತ್ತು.

ಇದು ಬಹಳ ವರ್ಷಗಳ ಹಿಂದಿನ ಮಾತು, ಈಗ ನಾನು ನಿವೃತ್ತ. ಹೋದ ತಿಂಗಳು ಹೊನ್ನಾಳಿಯ ಕಚೇರಿಗೆ ಹೊಸದಾಗಿ ಬಂದ ಇಬ್ಬರು ಸರ್ವೇಯರುಗಳು ನನ್ನನ್ನು ನೋಡಲು ಬಂದಿದ್ದರು. ಕೆಲಸದ ಅನುಭವವನ್ನು ನಾಲ್ಕು ಹಾಳೆ ಬರೆದು ಕೊಡಿ, ನಮಗೆ ಉಪಯೋಗವಾಗುತ್ತದೆ ಎಂದರು. ನಾನು ಓದಿದ್ದು ಲೋವರ್ ಸೆಕೆಂಡರಿ. ಬರೆದದ್ದೆಲ್ಲ ರಿಜಿಸ್ಟರು, ನಕ್ಷೆ, ವರದಿ. ಜಗಳೂರು, ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಈ ಸೀಮೆಯಲ್ಲೇ ನನ್ನ ಸರ್ವಿಸು ಮುಗಿಯಿತು. ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನು ಬರೆಯುವ ಮನಸ್ಸಿಲ್ಲ. ಹನುಮಪ್ಪ ತೀರಿಕೊಂಡು ಮೂರು ತಿಂಗಳಾಯಿತು. ಬರೆಯಲು ಕೂತರೆ ಅವನೇ ಬರುತ್ತಾನೆ.

ವಯಸ್ಸಿನಲ್ಲಿ ಅವನು ನನಗಿಂತ ಹಿರಿಯ. ಕೆಲಸದ ರೂಢಿಯಲ್ಲಿ ನಾನು ಅವನನ್ನು ಏಕವಚನದಲ್ಲೇ ಕರೆದೆ. ಈಗ 'ಅವರು' ಎಂದು ಬರೆಯಬೇಕೆನಿಸುತ್ತದೆ, ಆದರೆ ಹಾಗೆ ಬರೆದರೆ ಬೇರೆ ಯಾರೋ ಆಗಿಬಿಡುತ್ತಾನೆ. ಅದಕ್ಕೇ ಹಾಗೇ ಬಿಟ್ಟಿದ್ದೇನೆ. ನಾನು ಹೇಳಹೊರಟ ಪೇಟೆ ಈ ಸೀಮೆಯದೇ, ಆದರೆ ಮೇಲೆ ಬರೆದ ನಾಲ್ಕು ಊರುಗಳಲ್ಲಿ ಯಾವುದೂ ಅಲ್ಲ. ಅದರ ಹೆಸರು ಬರೆಯುವುದಿಲ್ಲ. ಅಲ್ಲಿನ ಕೌನ್ಸಿಲಿನಲ್ಲಿ ಕೂತಿದ್ದವರಲ್ಲಿ ಹಲವರು ಈಗಿಲ್ಲ; ಅವರ ಮಕ್ಕಳು ನನ್ನನ್ನು ಕಂಡರೆ ಕೈಮುಗಿಯುತ್ತಾರೆ.

ಮೊದಲು ಜಗಳೂರಿನ ಒಂದು ಸಂಗತಿ ಹೇಳಬೇಕು. ನನ್ನ ತಪ್ಪಿನ ಬೇರು ಅಲ್ಲಿದೆ.

ಜಗಳೂರಿನಲ್ಲಿ ಮಣ್ಣಿನ ಮಾಳಿಗೆ ಮನೆಗಳು. ಎರಡು ಮನೆಗಳ ನಡುವೆ ಒಂದು ಪಾಳು ಜಾಗವಿತ್ತು. ಯಾರದೆಂದು ಪಕ್ಕದ ಮನೆಯವನನ್ನು ಕೇಳಿದೆ. "ನಮ್ದೇ ಸ್ವಾಮಿ, ನಮ್ಮ ಅಜ್ಜನ ಕಾಲದ್ದು" ಎಂದ. ಬರೆದುಕೊಂಡೆ. ಹನುಮಪ್ಪ ಆಗ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಸರಪಳಿ ಎಳೆಯುತ್ತಲೇ, "ಸ್ವಾಮಿ, ಜಾಗದ ಮೂಲೆಯಾಗೆ ಒಳಕಲ್ಲು ಐತೆ. ಅವನ ಮನಿಯಾಗೆ ಇನ್ನೊಂದು ಐತೆ. ಒಂದು ಮನಿಗೆ ಎಲ್ಡು ಒಳಕಲ್ಲು ಯಾಕೆ?" ಎಂದ. ನಾನು ಗಮನ ಕೊಡಲಿಲ್ಲ. ವಾರ ಕಳೆದ ಮೇಲೆ ಮಗಳ ಬಾಣಂತನಕ್ಕೆ ಹೋಗಿದ್ದ ಒಬ್ಬ ವಿಧವೆ ಊರಿಗೆ ಬಂದಳು. ಬಿದ್ದ ಮನೆ ಅವಳದು, ಒಳಕಲ್ಲೂ ಅವಳದು.

ನಮ್ಮ ಸೂಪರ್ವೈಸರು ಸೈಕಲ್ ಏರಿ ಬಂದರು. ಒಳ್ಳೆಯ ಕೆಲಸಗಾರ, ಬಾಯಿ ಮಾತ್ರ ಕೊಡಲಿ. ಅಷ್ಟು ಜನರ ಮುಂದೆ ನನ್ನ ಕೈಯಲ್ಲೇ ಆ ಸಾಲು ಹೊಡೆಸಿದರು. "ನಿನ್ನ ಕಿವಿಗೆ ಸರ್ಕಾರ ಸಂಬಳ ಕೊಡ್ತಾ ಇಲ್ಲ, ಕಣ್ಣಿಗೆ ಕೊಡ್ತಾ ಇದೆ. ಕಂಡದ್ದನ್ನ ಬರಿ. ಕೇಳಿದ್ದನ್ನ ಬರೀಬೇಡ" ಎಂದರು. ರಿಜಿಸ್ಟರಿನ ಕೊನೆಯಲ್ಲಿ ಷರಾ ಎಂದು ಒಂದು ಸಣ್ಣ ಕಾಲಂ ಇರುತ್ತದೆ. ವಿಶೇಷವೇನಾದರೂ ಇದ್ದರೆ ಬರೆಯಲು ಬಿಟ್ಟ ಜಾಗ. ಅದರ ಮೇಲೆ ಬೆರಳಿಟ್ಟು, "ಇದನ್ನ ತುಂಬಿಸೋನಿಗೆ ಕೆಲಸ ಬರಲ್ಲ ಅಂತ ಲೆಕ್ಕ" ಎಂದು ಸೇರಿಸಿದರು.

ಆ ಮಾತನ್ನು ನಾನು ತಾಯಿತದಂತೆ ಕಟ್ಟಿಕೊಂಡೆ. ಹನುಮಪ್ಪ ನನಗೆ ಕಲಿಸಿದ್ದು ಇದಕ್ಕಿಂತ ಉಪಯೋಗದ್ದು. ದಿನಾ ಬೆಳಿಗ್ಗೆ ಸರಪಳಿಯನ್ನು ಕಚೇರಿಯ ಕಟ್ಟೆಯ ಮೇಲೆ ಹೊಡೆದ ಎರಡು ಮೊಳೆಗಳಿಗೆ ಹಿಡಿದು ತಾಳೆ ನೋಡಬೇಕು. ಎಳೆದೆಳೆದು ಕೊಂಡಿಗಳು ಬಾಯಿ ಬಿಟ್ಟಿರುತ್ತವೆ. ಗಡಿಗೆ ಬಾಂದು ಕಲ್ಲು ನೆಡುವಾಗ ಕುಳಿಯ ತಳದಲ್ಲಿ ಒಂದು ಹಿಡಿ ಇದ್ದಿಲು ಹಾಕಬೇಕು. "ಕಲ್ಲು ಕಿತ್ತು ಹಾಕ್ತಾರೆ ಸ್ವಾಮಿ. ಇದ್ದಿಲು ಯಾರ ಕಣ್ಣಿಗೂ ಬೀಳಂಗಿಲ್ಲ, ಮಣ್ಣಾಗೆ ಕೊಳೆಯಂಗೂ ಇಲ್ಲ" ಎನ್ನುತ್ತಿದ್ದ. ಈಗ ಉಕ್ಕಿನ ಟೇಪು ಬಂದಿದೆ. ಅದು ಜಗ್ಗುವುದಿಲ್ಲ. ಇದ್ದಿಲು ಹಾಕುವುದನ್ನು ಮಾತ್ರ ಬಿಡಬೇಡಿ.

ಇನ್ನು ಆ ಪೇಟೆಯ ಮಾತು. ಇಲಿ ಬಿದ್ದರೆ ಏನು ಮಾಡಬೇಕೆಂದು ಆ ಕಾಲದಲ್ಲಿ ಮಕ್ಕಳಿಗೂ ಗೊತ್ತಿತ್ತು. ಪ್ಲೇಗು ಬಂತು, ಊರು ಬಿಡಬೇಕು. ಮಧ್ಯಾಹ್ನದ ಹೊತ್ತಿಗೆ ಕೌನ್ಸಿಲಿನಿಂದ ಡಂಗುರ ಸಾರಿದರು. ಪೇಟೆ ಬೀದಿಯವರು ತಮ್ಮ ತಮ್ಮ ಹೊಲ ತೋಟಗಳಿಗೆ, ನೆಂಟರ ಊರುಗಳಿಗೆ ಹೋದರು. ಹುಣಸೆ ತೋಪಿನ ಕೇರಿಯವರಿಗೆ ಹೊಲ ತೋಟ ಇರಲಿಲ್ಲ. ಕಲ್ಲು ಕೆಲಸ, ಇಟ್ಟಿಗೆ ಕೆಲಸ ಮಾಡಿ ತಿನ್ನುವ ಜನ. ಅವರಿಗೆ ಹಳ್ಳದ ಆಚೆ ಬಿದಿರು ತಟ್ಟಿಯ ಶೆಡ್ಡು ಹಾಕಿಕೊಟ್ಟರು.

ಬಿಟ್ಟ ಮನೆಗಳ ಒಳಗೆ ಬಿಸಿಲು ಬೀಳಬೇಕೆಂದು ಹಂಚು ಇಳಿಸುವುದು ಆಗಿನ ಪದ್ಧತಿ. ಬಿಸಿಲಿಗೆ ರೋಗ ಸಾಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಕೌನ್ಸಿಲಿನ ಆಳುಗಳೇ ಬಂದು ಕೇರಿಯ ಹದಿನಾಲ್ಕು ಮನೆಗಳ ಹಂಚನ್ನೂ ಇಳಿಸಿ, ಪ್ರತಿ ಮನೆಯ ಮುಂದೆ ಸಾಲಾಗಿ ಜೋಡಿಸಿದರು. ಹಂಚು ಬೆರೆತು ಹೋಗದಿರಲೆಂದು ಮನೆಯವರು ತಂತಮ್ಮ ಗುರುತು ಹಾಕಿದರು. ಕೆಂಚಮ್ಮ ತನ್ನ ಹಂಚುಗಳ ಮೇಲೆ ಮೂರು ಮೂರು ಸುಣ್ಣದ ಗೆರೆ ಎಳೆದಳು. ಒಂದೊಂದು ಹಂಚಿಗೂ.

ನನ್ನನ್ನು ಹೊನ್ನಾಳಿಗೆ ಕರೆಸಿಕೊಂಡರು. ಐದು ವಾರ ಅಲ್ಲಿ ಹೊಳೆದಂಡೆಯ ಗದ್ದೆಗಳ ಕೆಲಸ ಮಾಡಿದೆ. ಆಮೇಲೆ ಆ ಪೇಟೆಯ ಸರ್ವೆ ಮುಗಿಯದೆ ನಿಂತಿದೆ, ಹದಿನೈದು ದಿನದಲ್ಲಿ ಮುಗಿಸಿ ಒಪ್ಪಿಸಬೇಕು ಎಂದು ಹುಕುಂ ಬಂತು. ಪ್ಲೇಗು ಇನ್ನೂ ಪೂರ್ತಿ ಹೋಗಿರಲಿಲ್ಲ. ಹೋಗಿ ನೋಡಿದರೆ ಕೌನ್ಸಿಲಿನ ಪ್ರೆಸಿಡೆಂಟರು ನನಗಾಗಿ ಕಾಯುತ್ತಿದ್ದರು. ಅಕ್ಕಿ ಗಿರಣಿಯ ಮಾಲೀಕರು, ಮಾತು ಬೆಣ್ಣೆ.

"ಸರ್ವೇಯರ್ರೇ, ಊರು ಬೆಳೀಬೇಕಲ್ರೀ. ಎಲ್ಲೆಲ್ಲಿ ಖಾಲಿ ಜಾಗ ಐತೆ ಅಂತ ಒಂದು ಪಟ್ಟಿ ಬೇಕು ನಮಗೆ. ನೀವು ಕಂಡಂಗೆ ಬರ್ಕೊಡ್ರಿ, ಅಷ್ಟೇ ಸಾಕು" ಎಂದರು.

ಕಂಡಂಗೆ ಬರೆಯುವುದು ನನ್ನ ವ್ರತವೇ ಆಗಿತ್ತು. ಅವರ ಮಾತಿನಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ.

ಹನುಮಪ್ಪ ಶೆಡ್ಡಿನಿಂದ ಬಂದ. ಇಬ್ಬರೂ ಕೇರಿಗೆ ಹೋದೆವು. ಮೇಲೆ ಹಂಚಿಲ್ಲದ ಮನೆಗಳು. ಗೋಡೆಗಳ ಮೇಲೆ ಗಳು, ತೊಲೆ ಮಾತ್ರ. ಬಾಗಿಲುಗಳನ್ನು ತೆಗೆದಿಟ್ಟಿದ್ದರು. ಮೊದಲನೆಯ ಮನೆಗೆ, ಅವನ ಮನೆಗೇ, ಸರಪಳಿಯ ತುದಿ ಹಿಡಿದು ಅವನು ಒಳಗೆ ಹೋದ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟೇ ಹೋದ. ನಾನು ಬೀದಿಯಲ್ಲಿ ನಿಂತು ಅಳತೆ ಕೂಗುವುದನ್ನು ಬರೆದುಕೊಂಡೆ. ಮನೆ ನಂಬರು, ಅನುಭವದಾರರ ಹೆಸರು, ಅಳತೆ, ವಾಸ ಅಥವಾ ಖಾಲಿ, ಷರಾ. ಇಷ್ಟು ಕಾಲಂ. ಅನುಭವದಾರ ಎಂದರೆ ಆ ಹೊತ್ತಿಗೆ ಅಲ್ಲಿ ಇರುವವನು. ಖಾಲಿ ಎಂದು ಬರೆದ ಮೇಲೆ ಹೆಸರಿನ ಜಾಗದಲ್ಲಿ ಒಂದು ಅಡ್ಡಗೆರೆ ಎಳೆಯುವುದು ಪದ್ಧತಿ.

ನಾನು ಖಾಲಿ ಎಂದು ಬರೆದೆ.

ಹನುಮಪ್ಪನಿಗೆ ಓದಲು ಬರುತ್ತಿರಲಿಲ್ಲ. ಆದರೆ ಅಷ್ಟು ವರ್ಷ ನನ್ನ ಕೈ ಓಡುವುದನ್ನು ನೋಡಿ, ಯಾವ ಕಾಲಮಿನಲ್ಲಿ ಏನು ಬಿತ್ತು ಎಂದು ಅವನಿಗೆ ಗೊತ್ತಾಗುತ್ತಿತ್ತು.

"ಗೀಟು ಎಳೆದ್ರಾ ಸ್ವಾಮಿ?"

"ಯಾರೂ ಇಲ್ಲವಲ್ಲ, ಹನುಮಪ್ಪ."

"ನಾನು ಇದೀನಲ್ರೀ."

"ನೀನು ಸರಪಳಿ ಹಿಡಿಯೋಕೆ ಬಂದವನು. ವಾಸಕ್ಕೆ ಬಂದವನಲ್ಲ."

ಅವನು ರಿಜಿಸ್ಟರಿನ ಕೊನೆಯ ಕಾಲಂ ಕಡೆ ಬೆರಳು ತೋರಿಸಿದ. "ಆ ಕಡೀ ಸಣ್ಣ ಮನಿಯಾಗೆ ಒಂದು ಮಾತು ಹಾಕ್ರಿ. ಶೆಡ್ಡಿಗೆ ಹೋಗ್ಯಾರೆ, ಬರ್ತಾರೆ ಅಂತ. ಅಷ್ಟು ಬರದ್ರೆ ಸಾಕು" ಎಂದ. ಷರಾ ಕಾಲಮಿಗೆ ಅವನು ಕಡೀ ಸಣ್ಣ ಮನೆ ಎನ್ನುತ್ತಿದ್ದ.

ನನಗೆ ಜಗಳೂರು ನೆನಪಾಯಿತು. ಅಷ್ಟು ಜನರ ಮುಂದೆ ನನ್ನ ಕೈಯಲ್ಲೇ ಸಾಲು ಹೊಡೆಸಿದ್ದು ನೆನಪಾಯಿತು. "ಪ್ಲೇಗು ಬಂದದ್ದು ಇಡೀ ಊರಿಗೇ ಗೊತ್ತು, ಕೌನ್ಸಿಲಿಗೇ ಗೊತ್ತು. ಹಂಚು ಇಳಿಸಿದವರೇ ಅವರು. ಅದನ್ನೇನು ನಾನು ಬರೆದು ಹೇಳೋದು?" ಎಂದೆ.

"ಅವರಿಗೆ ಗೊತ್ತೈತೆ, ಖರೆ. ಕಾಗದಕ್ಕೆ ಗೊತ್ತಿರಬೇಕಲ್ಲ" ಎಂದ ಹನುಮಪ್ಪ.

ನಾನು ಮುಂದಿನ ಮನೆಗೆ ನಡೆದೆ. ಹದಿನಾಲ್ಕು ಮನೆಗೂ ಅದೇ ಬರೆದೆ. ಕೆಲಸ ಮುಗಿಸಿ ತಿರುಗಿ ನೋಡಿದರೆ ಹನುಮಪ್ಪ ತನ್ನ ಮನೆಯ ಮೂಲೆಯಲ್ಲಿ ಕೂತು ಮಣ್ಣು ಕೆದಕುತ್ತಿದ್ದ. ಕೆಂಚಮ್ಮನ ಒಲೆಯಲ್ಲಿ ಉಳಿದಿದ್ದ ಇದ್ದಿಲನ್ನು ಬಾಚಿ ತಂದು ನಾಲ್ಕು ಮೂಲೆಗಳಲ್ಲೂ ಹೂಳಿದ. ಖಾಲಿ ಜಾಗಕ್ಕೆ ಕಲ್ಲು ನೆಡುವ ನಿಯಮವಿಲ್ಲ. ಇದ್ದಿಲು ಹಾಕಬಾರದೆಂದೂ ನಿಯಮವಿರಲಿಲ್ಲ.

ಪ್ಲೇಗು ಹೋದ ಮೇಲೆ ಕೇರಿಯವರು ಗಂಟು ಮೂಟೆ ಹೊತ್ತು ಹಳ್ಳ ದಾಟಿ ಬಂದರು. ಮನೆಗಳು ಇರಲಿಲ್ಲ. ಗೋಡೆ ಬೀಳಿಸಿ ನೆಲ ಸಮ ಮಾಡಿ ಗೂಟ ಹೊಡೆದಿದ್ದರು. ವಾರಸುದಾರರಿಲ್ಲದ ಖಾಲಿ ಜಾಗ ಎಂದು ಠರಾವು ಪಾಸಾಗಿತ್ತು. ಆ ಠರಾವಿಗೆ ಲಗತ್ತಿಸಿದ್ದ ಪಟ್ಟಿ ನನ್ನ ಕೈಬರಹದ್ದು.

ಹಂಚುಗಳು ಎಲ್ಲಿ ಹೋದವೆಂದು ಕೆಲವು ದಿನ ಗೊತ್ತಾಗಲಿಲ್ಲ. ಆಮೇಲೆ ಕೆಂಚಮ್ಮನೇ ಕಂಡಳು. ಸಂತೆಯ ಜಾಗದಲ್ಲಿ ಕೌನ್ಸಿಲಿನವರು ಹೊಸದಾಗಿ ಕಟ್ಟಿಸಿದ್ದ ಮಳಿಗೆಯ ಸೂರಿನಲ್ಲಿ ಮೂರು ಗೆರೆಯ ಹಂಚುಗಳಿದ್ದವು. ನನಗೆ ತೋರಿಸಲೆಂದು ಕರೆದುಕೊಂಡು ಹೋದಳು. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. "ಮಳೆ ಬಂದ್ರೆ ಇಲ್ಲಿ ಬಂದು ನಿಂತ್ಕಂತೀನಿ ಸ್ವಾಮಿ. ನಮ್ಮ ಹಂಚಿನ ಕೆಳಗೆ ನಾವು ನಿಂತ್ರೆ ಯಾರೇನಂತಾರೆ?" ಎಂದಳು.

ಹನುಮಪ್ಪ ಕೇಳಿದ್ದು ಒಂದೇ ಮಾತು. "ನೀವು ಬರ್ದದ್ದು ನೀವೇ ತಿದ್ರಿ."

ಜಗಳೂರಿನಲ್ಲಿ ಒಂದು ಸಾಲು ಹೊಡೆದು ತಿದ್ದಲು ಒಂದು ನಿಮಿಷವೂ ಹಿಡಿದಿರಲಿಲ್ಲ. ಆ ರಿಜಿಸ್ಟರಿಗೆ ಆಗಿನ್ನೂ ಮೊಹರು ಬಿದ್ದಿರಲಿಲ್ಲ. ಇದಕ್ಕೆ ಬಿದ್ದಿತ್ತು. ಸೂಪರ್ವೈಸರಿಗೆ ಕಾಗದ ಬರೆದೆ. ಕೌನ್ಸಿಲು ಠರಾವು ಮಾಡಿ ಕೇಳಿದರೆ ತಿದ್ದಬಹುದು ಎಂದು ಉತ್ತರ ಬಂತು. ಕೌನ್ಸಿಲಿಗೆ ಹೋದರೆ, ಸರ್ವೆಯವರು ತಪ್ಪಾಗಿದೆ ಎಂದು ವರದಿ ಕೊಟ್ಟರೆ ಠರಾವು ಮಾಡಬಹುದು ಎಂದರು. ಅಮಲ್ದಾರರ ಕಚೇರಿಗೆ ಹೋದರೆ ಇಬ್ಬರೂ ಒಪ್ಪಿ ಬನ್ನಿ ಎಂದರು. ಕೇರಿಯವರ ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಹದಿನಾಲ್ಕು ಹೆಬ್ಬೆಟ್ಟು. ಕೊನೆಗೆ ಕೌನ್ಸಿಲ್ ಮೀಟಿಂಗಿನಲ್ಲಿ ಅದನ್ನು ತೆಗೆದುಕೊಂಡರು. ನನ್ನನ್ನು ಕರೆಸಿದರು. ಹನುಮಪ್ಪ ಬಾಗಿಲ ಹೊರಗೆ ನಿಂತಿದ್ದ.

ಪ್ರೆಸಿಡೆಂಟರು ನಗುನಗುತ್ತಲೇ ಕೇಳಿದರು. "ನೀವು ಅಳೆಯಾಕೆ ಹೋದಾಗ ಮನಿಯಾಗೆ ಜನ ಇದ್ರಾ?"

"ಇರಲಿಲ್ಲ. ಆದರೆ—"

"ಇರ್ಲಿ ತಡೀರಿ. ಒಲೆ ಉರೀತಿತ್ತಾ?"

"ಇಲ್ಲ."

"ಮ್ಯಾಲೆ ಹಂಚು ಇದ್ವಾ?"

"ಇರಲಿಲ್ಲ."

"ಜನ ಇಲ್ಲ, ಒಲೆ ಇಲ್ಲ, ಹಂಚಿಲ್ಲ. ಇದಕ್ಕೆ ನಿಮ್ಮ ಇಲಾಖೆಯಾಗೆ ಖಾಲಿ ಅಂತಾರೋ ಅರಮನೆ ಅಂತಾರೋ?"

ಎಲ್ಲರೂ ನಕ್ಕರು. ಒಬ್ಬ ಮುದುಕರು ಮಾತ್ರ ನಗಲಿಲ್ಲ. ಜವಳಿ ಅಂಗಡಿಯ ಯಜಮಾನರು, ಕಿವಿ ಮಂದ. "ಹಂಚು ಇಳಿಸಿದೋರು ಯಾರಪ್ಪಾ? ನಾವೇ ಅಲ್ವಾ?" ಎಂದು ಜೋರಾಗಿ ಕೇಳಿದರು.

"ಅಜ್ಜಾರೆ, ಅದು ಹೋದ ಸಾಲಿನ ಮಾತು. ಇವತ್ತಿನ ವಿಷಯ ಬ್ಯಾರೆ" ಎಂದು ಪ್ರೆಸಿಡೆಂಟರು ಅವರ ಕಿವಿಯ ಹತ್ತಿರ ಬಾಗಿ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಹಂಗಾರೆ ನಿಮ್ಮ ಪಟ್ಟಿ ತಪ್ಪು ಅಂತ ಬರ್ಕೊಡ್ತೀರಾ? ಕೊಡ್ರಿ. ನಿಮ್ಮ ಇಲಾಖೆಗೆ ಕಳಿಸ್ತೀವಿ" ಎಂದರು.

ನಾನು ಆಗ ಮಾತಾಡಬೇಕಿತ್ತು. ನಾನು ಕಂಡದ್ದು ನಿಜ, ಬರೆಯದೆ ಬಿಟ್ಟದ್ದೂ ನಿಜ, ಆ ಬಿಟ್ಟ ಮಾತನ್ನು ಈಗ ಬರೆಯುತ್ತೇನೆ ಎನ್ನಬೇಕಿತ್ತು. ಎರಡನೆಯ ಸಲ ತಪ್ಪು ಮಾಡಿದವನೆಂದು ಇಲಾಖೆಯಲ್ಲಿ ಹೆಸರು ಬರುತ್ತದೆ ಎಂದು ಹೆದರಿದೆ. "ಅಳತೆ ಸರಿಯಾಗಿದೆ" ಎಂದೆ. ಯಾರೂ ಅಳತೆಯನ್ನು ಕೇಳಿರಲಿಲ್ಲ.

ಅರ್ಜಿದಾರರಿಗೆ ಜಾಗ ಒದಗಿದಾಗ ಬೇರೆ ಕಡೆ ನಿವೇಶನ ಕೊಡುವುದು ಎಂದು ಬರೆದುಕೊಂಡು ಮುಂದಿನ ವಿಷಯಕ್ಕೆ ಹೋದರು. ಹೊರಗೆ ಬಂದಾಗ ಹನುಮಪ್ಪ ನನ್ನ ಮುಖ ನೋಡಿದ. ಸರಪಳಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮುಂದೆ ನಡೆದ.

ಕೇರಿಯವರು ಶೆಡ್ಡಿಗೇ ಹಿಂತಿರುಗಿದರು. ತಟ್ಟಿಗೆ ಮಣ್ಣು ಮೆತ್ತಿಕೊಂಡು ಒಂದು ಮಳೆಗಾಲ ಕಳೆದರು. ಎರಡನೆಯ ಮಳೆಗಾಲದಲ್ಲಿ ಕೆಂಚಮ್ಮ ಮಲಗಿದಳು. ಪ್ಲೇಗಲ್ಲ, ಚಳಿಜ್ವರ. ನೋಡಲು ಹೋದೆ. ತಟ್ಟಿಯ ಸಂದಿಯಿಂದ ನೀರು ಒಳಗೆ ಬರುತ್ತಿತ್ತು. ನನ್ನನ್ನು ಗುರುತು ಹಿಡಿದು ಸ್ವಲ್ಪ ನಕ್ಕಳು. "ನಾಳೆ ಆತಾ ಸ್ವಾಮಿ?" ಎಂದಳು. ಅವಳು ತಮಾಷೆಗೇ ಅಂದಳು. ಅವಳ ಸ್ವಭಾವವೇ ಅದು. ನಾನು ತಮಾಷೆಯಾಗಿ ತೆಗೆದುಕೊಳ್ಳಲು ಇಂದಿನವರೆಗೂ ನೋಡುತ್ತಿದ್ದೇನೆ, ಆಗಿಲ್ಲ. ಆ ವಾರದಲ್ಲೇ ತೀರಿಕೊಂಡಳು.

ಆಮೇಲೆ ನನಗೆ ಚನ್ನಗಿರಿಗೆ ವರ್ಗವಾಯಿತು. ಹನುಮಪ್ಪ ಮಗಳನ್ನು ತ್ಯಾವಣಿಗೆಗೆ ಕೊಟ್ಟು ಮದುವೆ ಮಾಡಿ ನನ್ನ ಜೊತೆಗೇ ಬಂದ. ಯಾಕೆ ಬಂದನೋ ನಾನು ಕೇಳಲಿಲ್ಲ. ಕಚೇರಿಯ ಹಿಂದಿನ ಸಾಮಾನು ಕೋಣೆಯಲ್ಲಿ ಮಲಗುತ್ತಿದ್ದ. ಯುದ್ಧದ ವರ್ಷಗಳು ಅವು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡುತ್ತಿದ್ದವು. ಏರಿನಲ್ಲಿ ನಿಂತರೆ ನಾವೇ ಇಳಿದು ತಳ್ಳಬೇಕಿತ್ತು. "ಇದ್ದಿಲು ನೆಲದಾಗೆ ಇರಬೇಕು ಸ್ವಾಮಿ, ಹಿಂಗೆ ಹೊಗಿ ಮಾಡಿ ಬಿಡ್ತಾರಲ್ಲ" ಎನ್ನುತ್ತಿದ್ದ.

ಸೂಳೆಕೆರೆಯ ಸುತ್ತಿನ ಹಳ್ಳಿಗಳಲ್ಲಿ ಬಹಳ ದಿನ ಕೆಲಸವಿತ್ತು. ಒಂದು ಮಧ್ಯಾಹ್ನ ಏರಿಯ ಮೇಲೆ ಬುತ್ತಿ ಬಿಚ್ಚಿ ಕೂತಿದ್ದೆವು. ಆ ನೀರಿನ ತಳದಲ್ಲಿ ಒಂದು ಪಟ್ಟಣವೇ ಮುಳುಗಿದೆ ಎಂದು ಅಲ್ಲಿಯವರು ಹೇಳುತ್ತಾರೆ. ಒಬ್ಬ ಮೀನು ಹಿಡಿಯುವವನು ಆ ಕಥೆಯನ್ನು ನಮಗೆ ಹೇಳಿ ಹೋದ. ಹನುಮಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನೀರನ್ನು ನೋಡುತ್ತಿದ್ದ.

"ನೀರು ನುಂಗಿದ ಊರಿನ ಕಥಿ ಹೇಳಾಕೆ ಇಷ್ಟು ವರ್ಷ ಆದ್ರೂ ಜನ ಅದಾರೆ. ಕಾಗದ ನುಂಗಿದ ಕೇರಿ ಕಥಿ ಯಾರು ಹೇಳ್ತಾರೆ ಸ್ವಾಮಿ?"

ಅಷ್ಟು ವರ್ಷಗಳಲ್ಲಿ ಅವನು ಆ ಮಾತು ಎತ್ತಿದ್ದು ಅದೊಂದೇ ಸಲ. ಆಮೇಲೆ ಅವನೇ, "ಉಣ್ರಿ, ರೊಟ್ಟಿ ಒಣಗ್ತೈತೆ" ಎಂದ.

ಚನ್ನಗಿರಿಯಿಂದಲೂ ನಾನು ವರ್ಷಕ್ಕೊಮ್ಮೆ ಆ ಕೌನ್ಸಿಲಿಗೆ ಬರೆಯುತ್ತಿದ್ದೆ. ಪ್ರೆಸಿಡೆಂಟರು ಬದಲಾದರು, ಕಾರಕೂನರು ಬದಲಾದರು. ಉತ್ತರ ಬದಲಾಗಲಿಲ್ಲ. ಜಾಗ ಒದಗಿದಾಗ ಪರಿಶೀಲಿಸಲಾಗುವುದು. ಅಷ್ಟರಲ್ಲಿ ತೋಪಿನ ಕೇರಿಯ ಜಾಗದಲ್ಲಿ ಆರು ದೊಡ್ಡ ಮನೆಗಳು ಎದ್ದಿದ್ದವು. ಹದಿನಾಲ್ಕು ಸಂಸಾರಗಳಲ್ಲಿ ಕೆಲವು ನ್ಯಾಮತಿ ಕಡೆಗೆ ಹೋದವು, ಕೆಲವು ಭದ್ರಾವತಿ ಕಡೆ ಕೆಲಸಕ್ಕೆ ಹೋದವು. ಈಗ ಯಾರು ಎಲ್ಲಿದ್ದಾರೆಂದು ನನಗೆ ತಿಳಿಯದು.

ನಾನು ನಿವೃತ್ತನಾದ ವರ್ಷ ಮೈಸೂರು ಸೀಮೆಗೆ ಜವಾಬ್ದಾರಿ ಸರ್ಕಾರ ಬಂತು. ಕಚೇರಿಗೆ ತೋರಣ ಕಟ್ಟಿದರು, ಮಂಡಕ್ಕಿ ಬೆಲ್ಲ ಹಂಚಿದರು. ಹನುಮಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಮಂಡಕ್ಕಿಯನ್ನು ಅಂಗೈಯಲ್ಲಿ ಹಿಡಿದುಕೊಂಡು ಕೇಳಿದ.

"ಜವಾಬ್ದಾರಿ ಸರ್ಕಾರ ಅಂತಾರಲ್ಲ, ಜವಾಬ್ದಾರಿ ಯಾರ್ದು ಸ್ವಾಮಿ?"

"ಜನರಿಗೆ ಸರ್ಕಾರ ಉತ್ತರ ಹೇಳಬೇಕು ಅಂತ ಅರ್ಥ" ಎಂದೆ.

"ಹಂಗಾರೆ ಒಂದು ಅರ್ಜಿ ಬರೀರಿ" ಎಂದ.

ಬರೆದೆ. ಈ ಸಲ ಎಲ್ಲವನ್ನೂ ಬರೆದೆ. ನಾನು ಕಂಡದ್ದು, ಅವನು ಹೇಳಿದ್ದು, ನಾನು ಬರೆಯದೆ ಬಿಟ್ಟದ್ದು, ಮೀಟಿಂಗಿನಲ್ಲಿ ಅದನ್ನು ಹೇಳದೆ ಹೋದದ್ದು. ಕೆಳಗೆ ನನ್ನ ರುಜು, ಪಕ್ಕದಲ್ಲಿ ಅವನ ಹೆಬ್ಬೆಟ್ಟು. ಪೆನ್ಶನ್ ಬಂದ ಮೇಲೆ ಹೆದರಿಕೆ ಹೋಯಿತು ಎಂದು ನೀವು ನಗಬಹುದು. ನಗಿ. ಅದು ನಿಜ.

ಅರ್ಜಿ ತಲುಪಿದೆ ಎಂದು ಒಂದು ಕಾರ್ಡು ಬಂತು. ಅದನ್ನು ಹನುಮಪ್ಪ ರುಮಾಲಿನ ಮಡಿಕೆಯಲ್ಲಿ ಇಟ್ಟುಕೊಂಡು ತ್ಯಾವಣಿಗೆಗೆ ಮಗಳ ಮನೆಗೆ ಹೋದ. ಮೂರು ತಿಂಗಳ ಹಿಂದೆ ಅಳಿಯನಿಂದ ಸುದ್ದಿ ಬಂತು. ಹೋದೆ. ನಮ್ಮ ಕಡೆ ಹೆಣವನ್ನು ಸ್ವಂತ ಮನೆಯ ಜಗಲಿಯ ಮೇಲೆ ಕೂರಿಸಿ, ಕೇರಿಯವರೆಲ್ಲ ನೋಡಿದ ಮೇಲೆ ಎತ್ತುವುದು. ಅಳಿಯ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ. "ಸ್ವಾಮಿ, ಮಾವ ಸಾಯಾಗ ತಮ್ಮೂರಿಗೆ ಒಯ್ರಿ ಅಂದ್ರು. ಗಾಡಿ ಐತೆ. ಒಯ್ದು ಯಾರ ಮನಿ ಜಗಲಿ ಮ್ಯಾಲೆ ಇಳಿಸಾಣ?"

ನಾಲ್ಕು ತಾಲೂಕುಗಳ ಮನೆ ಮನೆಯ ಅಳತೆ ಬರೆದವನು ನಾನು. ನನಗೆ ಒಂದು ಜಗಲಿಯೂ ಹೊಳೆಯಲಿಲ್ಲ. ತ್ಯಾವಣಿಗೆಯಲ್ಲೇ ಮಣ್ಣು ಮಾಡಿದೆವು. ಕುಳಿಗೆ ನಾನೂ ಒಂದು ಹಿಡಿ ಹಾಕಿದೆ. ಮಣ್ಣಲ್ಲ, ಮಗಳ ಒಲೆಯಿಂದ ತಂದ ಇದ್ದಿಲು.

ಹೊಸಬರಿಗೆ ನಾನು ಹೇಳುವುದು ಇಷ್ಟೇ. ಕಂಡದ್ದನ್ನು ಬರೆಯಿರಿ, ಆ ಸೂಪರ್ವೈಸರು ಹೇಳಿದ್ದು ಸುಳ್ಳಲ್ಲ. ಆದರೆ ಮನೆಯಲ್ಲಿ ಜನ ಕಾಣದಿದ್ದರೆ ಅವರು ಎಲ್ಲಿಗೆ ಹೋದರು, ಯಾಕೆ ಹೋದರು, ಯಾರು ಕಳಿಸಿದರು ಎಂದು ಕೇಳಿ ಅದನ್ನೂ ಬರೆಯಿರಿ. ಕಡೀ ಸಣ್ಣ ಮನೆಯನ್ನು ಕಟ್ಟಿದ್ದು ಅದಕ್ಕೇ. ನಾನು ಅಂದು ಒಂದು ಸಾಲು ಬರೆದಿದ್ದರೆ ಮಾಡುವವರು ಹೇಗೂ ಮಾಡುತ್ತಿದ್ದರೋ ಏನೋ. ಆದರೆ ಆ ಸಾಲನ್ನು ಹೊಡೆದು ಹಾಕಿ ಮಾಡಬೇಕಾಗುತ್ತಿತ್ತು. ಹೊಡೆದ ಗುರುತಾದರೂ ಉಳಿಯುತ್ತಿತ್ತು.

ತಿಥಿ ಮುಗಿದ ಮೇಲೆ ಆ ಪೇಟೆಗೆ ಹೋಗಿ ಬಂದೆ. ತೋಪಿನ ಕೇರಿಯ ಮೊದಲನೆಯ ಜಾಗದಲ್ಲಿ ಈಗ ಮಹಡಿ ಮನೆ ಇದೆ. ಅದರ ಮೂಲೆಗಳ ಕೆಳಗೆ ಇದ್ದಿಲು ಇರಲೇಬೇಕು. ಕೌನ್ಸಿಲ್ ಕಚೇರಿಗೆ ಹೋಗಿ ಹಳೆಯ ರಿಜಿಸ್ಟರು ತೆಗೆಸಿದೆ. ಕಾರಕೂನರು ಒಳ್ಳೆಯವರು, ಧೂಳು ಒರೆಸಿ ಕೊಟ್ಟು, "ನೋಡ್ಕಳ್ರಿ ಸ್ವಾಮಿ. ತಿದ್ದಾಕೆ ಮಾತ್ರ ಬರಲ್ಲ" ಎಂದರು. ನಮ್ಮ ಅರ್ಜಿಯ ವಿಷಯ ಕೇಳಿದೆ. ಇಲ್ಲಿಗೇ ಬಂದು ಕಟ್ಟಿನಲ್ಲಿದೆ ಎಂದರು. ನನ್ನ ಅಕ್ಷರ ಇನ್ನೂ ಮಾಸಿಲ್ಲ. ಒಂದರಿಂದ ಹದಿನಾಲ್ಕರವರೆಗೆ ಅಳತೆ ಸರಿಯಾಗಿದೆ. ಹೆಸರಿನ ಜಾಗದಲ್ಲಿ ಅಡ್ಡಗೆರೆ ಇದೆ. ಷರಾ ಕಾಲಮಿನಲ್ಲಿ ಏನೂ ಬರೆದಿಲ್ಲ.